‘ರೋಮನೀಕರಣ’: ಮಾಡಿದ್ದೋ, ಆದದ್ದೋ?

ಗೆಳೆಯರೇ,

ರೋಮನ್ನರ ಕಾಲದ ಬ್ರಿಟನ್ ಬಗ್ಗೆ ಲೇಖನ ಬರೆಯುತ್ತಾ ‘ರೋಮನೈಸೇಶನ್’ ಪದವನ್ನು, ಅಂದರೆ ರೋಮನ್ನರು ಗೆದ್ದ ನಾಡಿನಲ್ಲಿ ರೋಮನ್ ರೀತಿ ಹರಡುವುದನ್ನು, ಕನ್ನಡದಲ್ಲಿ ಏನೆನ್ನಬೇಕು ಎಂದು ತೋಚದೆ ನಿಂತುಬಿಟ್ಟಿದ್ದೇನೆ. ಮೊದಲು ಹೊಳೆದದ್ದು ‘ರೋಮನೀಕರಣ’. ಕನ್ನಡೀಕರಣ, ಖಾಸಗೀಕರಣ ಇದ್ದ ಹಾಗೆ. ಆದರೆ ಕರಣ ಅಂದರೆ ಮಾಡುವುದು, ಅಲ್ವಾ? ಯಾರೋ ಬಂದು ಇನ್ಯಾರನ್ನೋ ರೋಮನ್ ಮಾಡಿದರು ಎಂದಾಗುತ್ತದೆ. ಪುರಾತತ್ವದವರ ಜಗಳ ಇರುವುದೇ ಅಲ್ಲಿ.

ಬ್ರಿಟನ್ನಿನ ಮಟ್ಟಿಗೆ ಈ ಪದಕ್ಕೆ ಬೇರು ಕೊಟ್ಟವರು ಫ್ರಾನ್ಸಿಸ್ ಹ್ಯಾವರ್‌ಫೀಲ್ಡ್, 1905ರ ಒಂದು ಉಪನ್ಯಾಸದಲ್ಲಿ. 1990ರಲ್ಲಿ ಮಾರ್ಟಿನ್ ಮಿಲೆಟ್ ಅದೇ ಪದ ಇಟ್ಟುಕೊಂಡರು, ಆದರೆ ಒತ್ತು ಬೇರೆ ಕಡೆ ಕೊಟ್ಟರು. ಊರಿನ ಮುಖಂಡರೇ ತಮ್ಮ ಅಂತಸ್ತು ಉಳಿಸಿಕೊಳ್ಳಲು ರೋಮನ್ ರೀತಿ ಹಿಡಿದರು, ಉಳಿದವರು ಅವರನ್ನು ನೋಡಿ ನಡೆದರು ಎಂದರು. 2001ರಲ್ಲಿ ಜೇನ್ ವೆಬ್‌ಸ್ಟರ್ ಈ ಪದವೇ ಬೇಡ ಎಂದು, ಭಾಷೆಗಳ ಬೆರಕೆಗೆ ಹೇಳುವ ‘ಕ್ರಿಯೋಲ್’ ಮಾತನ್ನು ತಂದರು.

ಅಂದರೆ ಇಂಗ್ಲಿಷ್ ಪದ ಮಾಡಿದ್ದನ್ನೂ ಆದದ್ದನ್ನೂ ಒಂದೇ ಚೀಲಕ್ಕೆ ಹಾಕುತ್ತದೆ. ಕನ್ನಡ ಹಾಗೆ ಬಿಡುವುದಿಲ್ಲ. ‘ರೋಮನ್ನರಾದರು’ ಬೇರೆ, ‘ರೋಮನ್ನರನ್ನಾಗಿಸಿದರು’ ಬೇರೆ. ರೋಮನ್ ಇತಿಹಾಸಕಾರ ಟ್ಯಾಸಿಟಸ್ ಬರೆದದ್ದನ್ನೇ ನೋಡಿ. ಬ್ರಿಟನ್ನಿನ ರೋಮನ್ ರಾಜ್ಯಪಾಲ ಅಗ್ರಿಕೋಲ ಅಲ್ಲಿನ ಮುಖಂಡರ ಮಕ್ಕಳಿಗೆ ವಿದ್ಯೆ ಕೊಡಿಸಿದ. ಆಮೇಲೆ ಅವರೇ ರೋಮನ್ನರ ಉಡುಪಾದ ಟೋಗಾ ಉಟ್ಟರು, ಸ್ನಾನದ ಮನೆ, ಔತಣಗಳಿಗೆ ಮನಸೋತರು. ತಿಳಿಯದವರು ಅದನ್ನು ನಾಗರಿಕತೆ ಎಂದರು, ಅದು ದಾಸ್ಯದ ಭಾಗವಾಗಿತ್ತು ಎನ್ನುತ್ತಾನೆ ಟ್ಯಾಸಿಟಸ್. ಇಲ್ಲಿ ಮಾಡಿಸಿದ್ದು ಎಷ್ಟು, ಆದದ್ದು ಎಷ್ಟು? ಒಂದು ಕ್ರಿಯಾಪದ ಆರಿಸಿದ ಕೂಡಲೇ ನಾನೇ ತೀರ್ಪು ಕೊಟ್ಟಂತೆ ಆಗುತ್ತದೆ.

ಸಂಸ್ಕೃತದಲ್ಲಿ ಇದಕ್ಕೆ ದಾರಿ ಇದೆ. ಘನೀಕರಣಕ್ಕೆ ಜೋಡಿಯಾಗಿ ಘನೀಭವನ ಇದ್ದ ಹಾಗೆ ‘ರೋಮನೀಭವನ’ ಎನ್ನಬಹುದು. ಆದರೆ ಕೇಳಿದರೆ ಯಾವುದೋ ಕಟ್ಟಡದ ಹೆಸರಿನಂತಿದೆ. ನನಗೆ ‘ಆವಿಯಾಗುವಿಕೆ’ಯ ಜಾಡಿನಲ್ಲಿ ‘ರೋಮನ್ ಆಗುವಿಕೆ’ ಹಿಡಿಸಿದೆ. ‘ರೋಮನ್ನರಾಗುವಿಕೆ’ ಎಂದರೆ ಜನಕ್ಕಷ್ಟೇ ಸಲ್ಲುತ್ತದೆ. ಗಾಲ್‌ನಿಂದ (ಈಗಿನ ಫ್ರಾನ್ಸ್ ಕಡೆಯಿಂದ) ಬಂದ ಕೆಂಪು ಹೊಳಪಿನ ತಟ್ಟೆ, ಮೊಸಾಯಿಕ್ ನೆಲದ ಮನೆ, ಇವಕ್ಕೂ ಹೊಂದುವ ಮಾತು ಬೇಕು.

ಒಂದು ತಕರಾರು ನನ್ನ ವಾದಕ್ಕೇ ಅಡ್ಡ ಬರುತ್ತದೆ. ಎಂ. ಎನ್. ಶ್ರೀನಿವಾಸರ ಚಿಂತನೆಯನ್ನು ನಾವು ‘ಸಂಸ್ಕೃತೀಕರಣ’ ಎನ್ನುತ್ತೇವೆ. ಅಲ್ಲಿ ಮೇಲಿನವರ ನಡೆ ನುಡಿಯನ್ನು ತಾವಾಗಿಯೇ ಹಿಡಿಯುವವರು ಕೆಳಗಿನ ಜಾತಿಯವರು. ಮಿಲೆಟ್ ಹೇಳುವುದಕ್ಕೆ ಇದು ತುಂಬಾ ಹತ್ತಿರ. ಅಲ್ಲಿ ‘ಕರಣ’ ಯಾರ ಕಿವಿಗೂ ಚುಚ್ಚಿಲ್ಲ. ಹಾಗಾದರೆ ಬಳಕೆಯಲ್ಲಿ ಈ ಪ್ರತ್ಯಯದ ‘ಮಾಡು’ ಅರ್ಥ ಸವೆದುಹೋಗಿದೆಯೇ? ಅಥವಾ ‘ಮೈಗೂಡು’, ‘ಒಗ್ಗು’ ಇಂಥ ಮಾತಿನಿಂದ ಹೊಸ ಪದ ಕಟ್ಟಬಹುದೇ? ನೀವು ಯಾವುದನ್ನು ಬರೆಯುತ್ತೀರಿ?