ಡ್ರಮ್ಮರ್ ಇಲ್ಲ, ಡಬಲ್ ಬೇಸ್‌ನಲ್ಲೇ ತಾಳ ಕೊಡೋದು ಹೇಗೆ?

ಬೇಸ್‌ಬುರುಡೆ (ಮೈಸೂರು):

ನಮ್ಮದು ಮೂರು ಜನರ ತಂಡ. ಒಂದು ಅಕೂಸ್ಟಿಕ್ ಗಿಟಾರ್, ಒಬ್ಬರು ಹಾಡುವವರು, ನನ್ನದು ಡಬಲ್ ಬೇಸ್ (ನಿಲ್ಲಿಸಿಕೊಂಡು ನುಡಿಸುವ ದೊಡ್ಡ ಪಿಟೀಲಿನಂಥ ವಾದ್ಯ). ಡ್ರಮ್ಸ್ ನುಡಿಸುತ್ತಿದ್ದ ಹುಡುಗನಿಗೆ ಬೆಂಗಳೂರಲ್ಲಿ ಕೆಲಸ ಸಿಕ್ಕಿತು, ಹೋದ. ಇನ್ನೊಬ್ಬರನ್ನು ಹುಡುಕೋಣ ಅಂದರೆ ನಾವು ನುಡಿಸುವ ಜಾಗಗಳೇ ಚಿಕ್ಕವು. ಗೋಕುಲಂ ಕಡೆ ಕೆಫೆಗಳಲ್ಲಿ ಎರಡು ಟೇಬಲ್ ಸರಿಸಿ ಮೂಲೆಯಲ್ಲಿ ಜಾಗ ಮಾಡಿಕೊಡುತ್ತಾರೆ. ಅಲ್ಲಿ ಡ್ರಮ್ ಕಿಟ್ ಇಟ್ಟರೆ ಕಾಫಿ ತರುವವರು ಎಲ್ಲಿ ಓಡಾಡಬೇಕು? ಅದೂ ಅಲ್ಲದೆ ಅಕ್ಕಪಕ್ಕ ಎಲ್ಲಾ ಮನೆಗಳು, ನಸುಕಿಗೇ ಎದ್ದು ಯೋಗಕ್ಕೆ ಹೋಗುವವರು ಬೇರೆ, ರಾತ್ರಿ ಸ್ವಲ್ಪ ಹೊತ್ತಾದರೆ ಸದ್ದು ಕಡಿಮೆ ಮಾಡಿ ಅಂತ ಬಂದುಬಿಡುತ್ತಾರೆ.

ಅರ್ಧ ಭಾವಗೀತೆ, ಅರ್ಧ ಹಳೇ ಬ್ಲೂಸ್ ಮತ್ತು ರಾಕಬಿಲಿ (ಅಮೆರಿಕದ ಶುರುವಿನ ಕಾಲದ ರಾಕ್) ನುಡಿಸುತ್ತೇವೆ. ವಿಚಿತ್ರ ಜೋಡಿ ಅಂತ ಗೊತ್ತು, ಆದರೆ ಜನಕ್ಕೆ ಹಿಡಿಸಿದೆ. ಈಗ ತೊಂದರೆ ಏನು ಅಂದರೆ ನಿಧಾನದ ಹಾಡುಗಳು ಹೇಗೋ ನಡೆಯುತ್ತವೆ, ಸ್ವಲ್ಪ ಓಟದ ಹಾಡು ಬಂದರೆ ಬೆನ್ನೆಲುಬೇ ಇಲ್ಲದ ಹಾಗೆ ಕೇಳಿಸುತ್ತದೆ. ಗಿಟಾರಿನವನು ಗಾಬರಿಯಾಗಿ ಸ್ಪೀಡ್ ಏರಿಸುತ್ತಾನೆ. ಬೇಸ್‌ನಲ್ಲೇ ಏನಾದರೂ ಮಾಡಿ ಡ್ರಮ್ಸ್ ಇದ್ದ ಹಾಗೆ ಅನ್ನಿಸಬಹುದಾ? ತಂತಿ ಬಡಿಯೋದಾ, ಮರ ತಟ್ಟೋದಾ, ಕಾಲಿಗೆ ಏನಾದರೂ ಕಟ್ಟಿಕೊಳ್ಳೋದಾ? ಡ್ರಮ್ ಮೆಷಿನ್, ಲೂಪರ್ (ನುಡಿಸಿದ್ದನ್ನೇ ಮತ್ತೆ ಮತ್ತೆ ಕೇಳಿಸುವ ಪೆಡಲ್) ಎರಡೂ ಬೇಡ ದಯವಿಟ್ಟು. ನನ್ನದು ಪ್ಲೈವುಡ್ ಬೇಸ್, ಮುಕ್ಕಾಲು ಸೈಜು, ಸ್ಟೀಲ್ ತಂತಿ, ಬ್ರಿಜ್‌ಗೆ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡಿಗೆ) ಒಂದೇ ಒಂದು ಪಿಕಪ್ (ಸದ್ದನ್ನು ಆಂಪ್ಲಿಫೈಯರ್ ಅಂದರೆ ಆಂಪ್ ಕಡೆ ಕಳಿಸುವ ಸಾಧನ).

ಅಗ್ರಹಾರ_ರಾಕರ್:

ರಾಕಬಿಲಿ ನುಡಿಸುತ್ತೀರಿ, ಆದರೂ ಈ ಪ್ರಶ್ನೆ ಕೇಳುತ್ತೀರಿ ಅಂದರೆ ಆಶ್ಚರ್ಯ! ಆ ಸಂಗೀತ ಶುರುವಾಗಿದ್ದೇ ಡ್ರಮ್ಮರ್ ಇಲ್ಲದೆ ಅಲ್ವಾ. 1954ರಲ್ಲಿ ಮೆಂಫಿಸ್‌ನ ಸನ್ ಸ್ಟುಡಿಯೋದಲ್ಲಿ ಎಲ್ವಿಸ್ ಮೊದಲ ರೆಕಾರ್ಡ್ ಮಾಡಿದಾಗ ಅಲ್ಲಿ ಇದ್ದದ್ದು ಅವನ ಗಿಟಾರ್, ಸ್ಕಾಟಿ ಮೂರ್‌ನ ಎಲೆಕ್ಟ್ರಿಕ್ ಗಿಟಾರ್, ಬಿಲ್ ಬ್ಲ್ಯಾಕ್‌ನ ಡಬಲ್ ಬೇಸ್, ಅಷ್ಟೇ. ಟಕ ಟಕ ಅಂತ ಕೇಳಿಸೋದು ಬ್ಲ್ಯಾಕ್ ತಂತಿಯನ್ನು ಹಲಗೆಗೆ (ತಂತಿಯ ಕೆಳಗಿನ ಫಿಂಗರ್‌ಬೋರ್ಡಿಗೆ) ಬಡಿಯುವ ಸದ್ದು, ಇದಕ್ಕೇ ಸ್ಲ್ಯಾಪ್ ಅನ್ನೋದು. ಅವನೇ ಕಂಡುಹಿಡಿದದ್ದೂ ಅಲ್ಲ. ನ್ಯೂ ಆರ್ಲಿಯನ್ಸ್‌ನ ಪಾಪ್ಸ್ ಫಾಸ್ಟರ್ ಥರದ ಜಾಝ್ ಬೇಸ್ ವಾದಕರು ಅದಕ್ಕಿಂತ ಬಹಳ ಮುಂಚೆಯೇ ಹೀಗೆ ನುಡಿಸುತ್ತಿದ್ದರು.

ಮಾಡೋದು ಹೀಗೆ. ಫಿಂಗರ್‌ಬೋರ್ಡಿನ ಕೆಳತುದಿಯ ಹತ್ತಿರ ಬಲಗೈ ಬೆರಳನ್ನು ತಂತಿಗೆ ಕೊಕ್ಕೆ ಥರ ಸಿಕ್ಕಿಸಿ ಹೊರಗಡೆಗೆ ಎಳೆದು ಬಿಡಿ. ತಂತಿ ವಾಪಸ್ ಬಂದು ಹಲಗೆಗೆ ಬಡಿಯುತ್ತದೆ, ಸ್ವರದ ಜೊತೆಗೇ ಒಂದು 'ಠಕ್'. ಇದು ಎಳೆತ. ಇನ್ನೊಂದು ಬಡಿತ: ಅದೇ ಕೈಯನ್ನು ಬಿಡಿಸಿ ಬೆರಳುಗಳಿಂದ ಎಲ್ಲಾ ತಂತಿಗಳನ್ನೂ ಒಟ್ಟಿಗೆ ಹಲಗೆಗೆ ಹೊಡೆಯೋದು. ಇಲ್ಲಿ ಸ್ವರ ಬರಬಾರದು, ಬರೀ 'ಚಟ್'. ಎಡಗೈ ತಂತಿ ಮೇಲೆ ಹಗುರವಾಗಿ ಕೂತಿರಲಿ, ಒತ್ತಬೇಡಿ, ಪೂರ್ತಿ ತೆಗೆಯಲೂ ಬೇಡಿ. ತೆಗೆದರೆ ಖಾಲಿ ತಂತಿ ಗುಂಯ್ ಅನ್ನುತ್ತದೆ, ಅಲ್ಲಿಗೆ ಸ್ನೇರ್ ಡ್ರಮ್ಮಿನ ಚಟ್ ಹೋಯಿತು, ಹಾರ್ಮೋನಿಯಂ ಶ್ರುತಿ ಬಂತು.

ಮೊದಲು ನಾಲ್ಕು ಬೀಟಿನ ಎಣಿಕೆಯಲ್ಲಿ 1 ಮತ್ತು 3ಕ್ಕೆ ಎಳೆತ, 2 ಮತ್ತು 4ಕ್ಕೆ ಬಡಿತ. ಸುಮ್ನೆ ಇಷ್ಟನ್ನೇ ಕೈ ಸೋಲದ ಹಾಗೆ ಒಂದು ಇಡೀ ಹಾಡು ನುಡಿಸಲು ಬಂದರೆ ನಿಮ್ಮ ಅರ್ಧ ಸಮಸ್ಯೆ ಮುಗಿಯಿತು. ಆಮೇಲೆ ಪ್ರತಿ ಬೀಟಿಗೂ ಎಳೆತ, ನಡುವೆ ಒಂದೊಂದು ಬಡಿತ, ಇದು ಡಬಲ್ ಸ್ಲ್ಯಾಪ್. ಎಳೆತದ ಹಿಂದೆ ಎರಡು ಬಡಿತ ಬಂದರೆ ಟ್ರಿಪಲ್, ಬಾಯಲ್ಲಿ ತಕಿಟ ತಕಿಟ ಹೇಳಿಕೊಂಡರೆ ಕೈ ತಾನಾಗೇ ಹೋಗುತ್ತದೆ. ಆದರೆ ಟ್ರಿಪಲ್ ಸಿಕ್ಕ ಖುಷಿಗೆ ಪ್ರತಿ ಸಾಲಲ್ಲೂ ಹಾಕಬೇಡಿ. ಯೂಟ್ಯೂಬ್ ನೋಡಿ ಕಲಿತವರೆಲ್ಲ ಇದನ್ನೇ ಮಾಡುತ್ತಾರೆ, ಕೇಳುವವರಿಗೆ ಎರಡನೇ ಹಾಡಿಗೇ ತಲೆ ಬಿಸಿ.

ಡಗ್ಗದಮ್ಮ (ಮಂಡ್ಯ):

ಮೇಲಿನವರು ಹೇಳಿದ್ದು ರಾಕಬಿಲಿಗೆ ಸರಿ. ಭಾವಗೀತೆಗೆ 2 ಮತ್ತು 4ಕ್ಕೆ ಚಟ್ ಚಟ್ ಅನ್ನಿಸಿದರೆ ಹಾಡುವವರೇ ನಿಮ್ಮನ್ನು ಹೊರಗೆ ಕಳಿಸುತ್ತಾರೆ. ನಾನು ತಬಲ ನುಡಿಸುವವಳು, ಬೇಸ್ ಮುಟ್ಟಿದವಳಲ್ಲ. ಆದರೂ ಹೇಳುತ್ತೇನೆ, ತಬಲದ ಬೋಲನ್ನೇ (ಪೆಟ್ಟುಗಳನ್ನು ಬಾಯಲ್ಲಿ ಹೇಳುವ ಅಕ್ಷರ) ತಗೊಳ್ಳಿ.

ಸುಗಮ ಸಂಗೀತದಲ್ಲಿ ಹೆಚ್ಚಿನ ಹಾಡು ಕೆಹರ್ವಾ ಅಥವಾ ದಾದ್ರಾ ತಾಳದಲ್ಲಿ ಇರುತ್ತವೆ. ಕೆಹರ್ವಾ 8 ಮಾತ್ರೆ: ಧಾ ಗೆ ನಾ ತಿ, ನಾ ಕೆ ಧಿ ನಾ. ಇದರಲ್ಲಿ ಡಗ್ಗದ (ತಬಲ ಜೋಡಿಯಲ್ಲಿ ಎಡಗಡೆಯ ದಪ್ಪ ಸದ್ದಿನದ್ದು) ಗುಂಗು ಇರೋದು ಧಾ, ಗೆ, ಧಿ ಮೂರರಲ್ಲಿ. 'ನಾ' ಬರೀ ಬಲಗಡೆಯ ಅಂಚಿನ ಪೆಟ್ಟು. ಅಂದರೆ ನಿಮ್ಮ ಎಳೆತ 1 ಮತ್ತು 7ಕ್ಕೆ, ಬಡಿತ 3 ಮತ್ತು 8ಕ್ಕೆ. 5ನೇ ಮಾತ್ರೆಯ 'ನಾ' ಬಿಟ್ಟುಬಿಡಿ, ಅಲ್ಲಿ ಖಾಲಿ (ತಾಳದ ಒತ್ತಿಲ್ಲದ ಭಾಗ) ಶುರು, ಹಗುರವಾಗಿದ್ದರೇ ಚೆನ್ನ. 2ರ 'ಗೆ' ಬೇಕು ಅನ್ನಿಸಿದರೆ ಎಡಗೈ ಬೆರಳನ್ನು ತಂತಿ ಮೇಲೆ ಮೆಲ್ಲಗೆ ಬೀಳಿಸಿ ನೋಡಿ, ಕೇಳಿಸಿಯೂ ಕೇಳಿಸದ ಹಾಗೆ. ದಾದ್ರಾ 6 ಮಾತ್ರೆ, ಧಾ ಧಿ ನಾ, ಧಾ ತೀ ನಾ. ಇಲ್ಲಿ 1ಕ್ಕೆ ಉದ್ದ ಸ್ವರ, 3 ಮತ್ತು 6ಕ್ಕೆ ಬೆರಳ ತುದಿಯ ಸಣ್ಣ ತಟ್ಟು, ಸಾಕು. ಜೋರಾಗಿ ಬಡಿಯಬೇಡಿ, ದಾದ್ರಾ ತೂಗಬೇಕು.

ಇನ್ನೊಂದು ವಿಷಯ. ನಾವು ಡಗ್ಗ ನುಡಿಸುವಾಗ ಗುಂಗನ್ನು ಎಷ್ಟು ಹೊತ್ತು ಬಿಡಬೇಕು, ಎಲ್ಲಿ ಅಂಗೈ ಒತ್ತಿ ನಿಲ್ಲಿಸಬೇಕು ಅನ್ನೋದರಲ್ಲೇ ಲಯದ ಜೀವ ಇರೋದು. ನೀವು ಬೇಸ್‌ನವರು ಸ್ವರ ಶುರು ಮಾಡೋದಕ್ಕೆ ತಲೆ ಕೆಡಿಸಿಕೊಳ್ಳುತ್ತೀರಿ, ನಿಲ್ಲಿಸೋದನ್ನು ಮರೆಯುತ್ತೀರಿ. ಡ್ರಮ್ಸ್ ಇದ್ದಾಗ ಅದು ನಡೆಯುತ್ತದೆ, ಎಲ್ಲಾ ಮುಚ್ಚಿಹೋಗುತ್ತದೆ. ಈಗ 2ನೇ ಬೀಟಿಗೆ ಸರಿಯಾಗಿ ಸ್ವರವನ್ನು ಕತ್ತರಿಸಿ ನೋಡಿ, ಯಾವ ತಟ್ಟೂ ಇಲ್ಲದೆ ಅಲ್ಲೊಂದು ಪೆಟ್ಟು ಬಿದ್ದ ಹಾಗೆ ಕೇಳಿಸುತ್ತದೆ. ಇದನ್ನು ಮೊದಲು ಮಾಡಿ. ಬಡಿಯೋದು ಆಮೇಲೆ.

ಮರದಪೆಟ್ಟಿಗೆ:

ತಂತಿವಾದ್ಯ ರಿಪೇರಿ ಮಾಡುವವನಾಗಿ ಎರಡು ಮಾತು.

ಮರ ತಟ್ಟುವುದಾದರೆ ಎಲ್ಲಿ ತಟ್ಟುತ್ತೀರಿ ಅಂತ ಗಮನ ಇರಲಿ. ನಿಮ್ಮದು ಪ್ಲೈವುಡ್ ಆದ್ದರಿಂದ ಪಕ್ಕದ ಪಟ್ಟಿಗಳು, ಮೇಲಿನ ಭುಜದ ಭಾಗ, ಇವನ್ನು ಕೈಯಿಂದ ತಟ್ಟಬಹುದು. ಭುಜದಲ್ಲಿ ಸದ್ದು ಒಣಗಿರುತ್ತದೆ, ಕೆಳಗಡೆ ಅಗಲವಾದ ಜಾಗದಲ್ಲಿ ತಟ್ಟಿದರೆ ಕಿಕ್ ಡ್ರಮ್ ಥರ ಒಳಗಿಂದ ಬರುತ್ತದೆ. ಬ್ರಿಜ್ ಸುತ್ತ ಮಾತ್ರ ಬೇಡ. ಒಳಗೆ ಸೌಂಡ್‌ಪೋಸ್ಟ್ ಅನ್ನೋ ಕಡ್ಡಿಯನ್ನು ಅಂಟು ಹಾಕದೆ ಬರೀ ಒತ್ತಡಕ್ಕೆ ನಿಲ್ಲಿಸಿರುತ್ತಾರೆ. ಕೆತ್ತಿದ ಮರದ ಬೇಸ್ ಇರುವವರು ಈ ಕಥೆಗೇ ಹೋಗಬೇಡಿ, ಸೀಳು ಬಿಟ್ಟರೆ ಖರ್ಚು ತಡೆಯಲಾಗದು. ಉಂಗುರ ತೆಗೆದಿಡಿ. ಹೇಳಬೇಕಾಗಿ ಬಂತಲ್ಲ ಅನ್ನಿಸುತ್ತದೆ, ಆದರೆ ವಾರ್ನಿಷ್ ಮೇಲೆ ಉಂಗುರದ ಗೀರು ಬಿದ್ದ ವಾದ್ಯಗಳು ನನ್ನ ಹತ್ತಿರ ಬರುತ್ತಲೇ ಇರುತ್ತವೆ.

ತಂತಿ ವಿಷಯ ಇದಕ್ಕಿಂತ ಮುಖ್ಯ. ಸ್ಟೀಲ್ ತಂತಿಯಲ್ಲಿ ಸ್ಲ್ಯಾಪ್ ಆಗದೆ ಇಲ್ಲ, ಆದರೆ ಅದರ ಬಿಗಿ ಜಾಸ್ತಿ, ಬೆರಳು ಉಳಿಯೋದಿಲ್ಲ. ಹಳಬರು ನುಡಿಸುತ್ತಿದ್ದದ್ದು ಗಟ್, ಅಂದರೆ ಕುರಿಯ ಕರುಳಿನ ತಂತಿ. ಅದು ಮೆತ್ತಗೆ, ದಪ್ಪ, ಎಳೆದರೆ ಚೆನ್ನಾಗಿ ಹಿಗ್ಗುತ್ತದೆ, ಬಿಟ್ಟರೆ ಬಡಿತವೂ ದುಂಡಗೆ ಬರುತ್ತದೆ. ಆದರೆ ಮೈಸೂರಲ್ಲಿ ಮಳೆಗಾಲಕ್ಕೆ ಗಾಳಿಯ ಪಸೆ ಏರಿದರೆ ಗಟ್ ಶ್ರುತಿ ನಿಲ್ಲೋದೇ ಇಲ್ಲ, ಬೆಲೆಯೂ ಜಾಸ್ತಿ. ಅದಕ್ಕೆ ನೈಲಾನ್ ಅಥವಾ ಬೇರೆ ಸಿಂಥೆಟಿಕ್ ತಂತಿ ಹಾಕಿಸಿ. ನಾಲ್ಕೂ ಬದಲಿಸಲು ಕಷ್ಟವಾದರೆ ಜಿ ಮತ್ತು ಡಿ (ತೆಳುವಾದ ತಂತಿಗಳು) ಎರಡನ್ನು ಬದಲಿಸಿ, ಇ ಮತ್ತು ಎ ಸ್ಟೀಲ್ ಇರಲಿ. ಸ್ಲ್ಯಾಪ್ ಎಳೆತ ಜಾಸ್ತಿ ಬೀಳೋದು ಆ ಎರಡರ ಮೇಲೇ. ತಂತಿ ಬದಲಿಸುವಾಗ ಒಂದೊಂದಾಗಿ ಬಿಚ್ಚಿ, ನಾಲ್ಕನ್ನೂ ಒಟ್ಟಿಗೆ ಸಡಿಲ ಮಾಡಿದರೆ ಆ ಸೌಂಡ್‌ಪೋಸ್ಟ್ ಕಡ್ಡಿ ಬಿದ್ದುಹೋಗುತ್ತದೆ.

ಕಬ್ಬಿನಜಲ್ಲೆ:

ಕಾಲಿಗೆ ಗೆಜ್ಜೆ ಕಟ್ಟಿಕೊಳ್ಳಿ ಸಾರ್, ಮುಗಿಯಿತು. ನಮ್ಮ ಕಡೆ ಪೂಜಾ ಕುಣಿತದವರು ತಲೆ ಮೇಲೆ ಅಷ್ಟು ದೊಡ್ಡ ಪೂಜೆ ಹೊತ್ತು ಕಾಲಲ್ಲೇ ತಾಳ ಹಾಕುತ್ತಾರೆ, ನೀವು ನಿಂತ ಜಾಗದಲ್ಲೇ ನಿಂತಿರುತ್ತೀರಿ, ಏನು ಕಷ್ಟ?

ಡಗ್ಗದಮ್ಮ (ಮಂಡ್ಯ):

@ಕಬ್ಬಿನಜಲ್ಲೆ ಗೆಜ್ಜೆ ಕಾಲು ಎತ್ತುವಾಗಲೂ ಸದ್ದು ಮಾಡುತ್ತದೆ, ಊರುವಾಗಲೂ ಮಾಡುತ್ತದೆ. ಕುಣಿತಕ್ಕೆ ಅದೇ ಬೇಕು. ಪಕ್ಕದಲ್ಲಿ ತಮಟೆ ಬಾರಿಸುತ್ತಿದ್ದರೆ ಎಲ್ಲಾ ಕೂಡಿಕೊಳ್ಳುತ್ತದೆ. ಬರೀ ಗಿಟಾರ್ ಮತ್ತು ಬೇಸ್ ನಡುವೆ ಅದು ಝಲ್ ಝಲ್ ಅಂತ ಹರಡಿಬಿಡುತ್ತದೆ, 2 ಎಲ್ಲಿ 3 ಎಲ್ಲಿ ಗೊತ್ತಾಗೋದಿಲ್ಲ. ಅದರ ಬದಲು ಭಜನೆಯವರ ಚಿಟಿಕೆ ಇದೆಯಲ್ಲ, ಮರದ್ದು, ಬಿಲ್ಲೆ ಇರೋದು, ಅದರ ಒಂದು ತುಂಡನ್ನು ಎಲಾಸ್ಟಿಕ್ ಹಾಕಿ ಬೂಟಿನ ಮುಂಭಾಗಕ್ಕೆ ಕಟ್ಟಿ. ಹಿಮ್ಮಡಿ ನೆಲದಲ್ಲೇ ಇರಲಿ, ಮುಂಗಾಲು ಮಾತ್ರ ಎತ್ತಿ ಹಾಕಿ. ಸದ್ದು ಚಿಕ್ಕದು, ಖಚಿತ.

ಅಗ್ರಹಾರ_ರಾಕರ್:

ಕಾಲಿನ ಐಡಿಯಾ ನನಗೆ ಇಷ್ಟ ಇಲ್ಲ, ಹೇಳಿಬಿಡುತ್ತೇನೆ. ಡಬಲ್ ಬೇಸ್ ನಿಂತು ನುಡಿಸುವಾಗ ವಾದ್ಯದ ಭಾರ ದೇಹಕ್ಕೆ ಒರಗಿರುತ್ತದೆ, ಒಂದು ಕಾಲು ಕುಣಿಯುತ್ತಿದ್ದರೆ ಅದೂ ಜೊತೆಗೆ ಅಲ್ಲಾಡುತ್ತದೆ. ಎಡಗೈ ಸ್ವರದ ಜಾಗ ತಪ್ಪುತ್ತದೆ. ಫ್ರೆಟ್ (ಸ್ವರದ ಜಾಗ ತೋರಿಸುವ ಲೋಹದ ಪಟ್ಟಿ) ಇಲ್ಲದ ವಾದ್ಯ ಸ್ವಾಮಿ ಇದು. ಎತ್ತರದ ಸ್ಟೂಲ್ ಮೇಲೆ ಕೂತರೆ ಓಕೆ, ನಿಂತರೆ ಬೇಡ.

ಇನ್ನೊಂದು, ಎಲ್ಲಾ ಹೊರೆಯನ್ನೂ ಬೇಸ್ ಮೇಲೇ ಯಾಕೆ ಹಾಕುತ್ತೀರಿ? ಗಿಟಾರಿನವನೂ ಇದ್ದಾನಲ್ಲ. ಅಮೆರಿಕದ ಗಾಯಕ ಜಾನಿ ಕ್ಯಾಶ್ ಶುರುವಿನ ವರ್ಷಗಳಲ್ಲಿ ಡ್ರಮ್ಮರ್ ಇಲ್ಲದೆ, ಒಂದು ಎಲೆಕ್ಟ್ರಿಕ್ ಗಿಟಾರ್ ಮತ್ತು ಬೇಸ್ ಜೊತೆಗೆ ಹಾಡುತ್ತಿದ್ದ. ತನ್ನ ಗಿಟಾರಿನ ತಂತಿಗಳ ನಡುವೆ ಕಾಗದ ಸಿಕ್ಕಿಸಿಕೊಂಡು ಬಾರಿಸುತ್ತಿದ್ದ, ಸ್ನೇರ್ ಡ್ರಮ್ ಥರ ಚರ್ ಚರ್ ಅಂತ ಬರುತ್ತಿತ್ತು. ಬ್ಲೂಗ್ರಾಸ್ ಅನ್ನೋ ಅಮೆರಿಕದ ಹಳ್ಳಿ ಸಂಗೀತದಲ್ಲೂ ಹಾಗೇ. ಅಲ್ಲಿ ರೂಢಿಯಲ್ಲಿ ಡ್ರಮ್ಸ್ ಇಲ್ಲ, ಬೇಸ್ 1 ಮತ್ತು 3ಕ್ಕೆ ಸ್ವರ ಕೊಡುತ್ತದೆ, ಮ್ಯಾಂಡೊಲಿನ್ 2 ಮತ್ತು 4ಕ್ಕೆ ತಂತಿ ಅದುಮಿ ಚಕ್ ಅನ್ನುತ್ತದೆ. ಪ್ಯಾರಿಸ್‌ನಲ್ಲಿ 1934ರಲ್ಲಿ ಗಿಟಾರ್ ವಾದಕ ಜ್ಯಾಂಗೊ ರೈನ್‌ಹಾರ್ಟ್ ಕಟ್ಟಿದ ತಂಡದಲ್ಲಿ ಪಿಟೀಲು, ಮೂರು ಗಿಟಾರ್, ಒಂದು ಬೇಸ್, ಡ್ರಮ್ಸ್ ಮಾತ್ರ ಇಲ್ಲ. ಉಳಿದ ಎರಡು ಗಿಟಾರುಗಳು ತಾಳ ನೋಡಿಕೊಳ್ಳುತ್ತಿದ್ದವು. ನಿಮ್ಮ ಗಿಟಾರಿನವನು ಸ್ಪೀಡ್ ಏರಿಸೋದಕ್ಕೂ ಇದೇ ಕಾರಣ ಇರಬಹುದು. ಅವನಿಗೆ ಖಚಿತವಾದ ಕೆಲಸ ಇಲ್ಲ, ಇಡೀ ಬಾರ್ ಉಜ್ಜುತ್ತಾ ಇದ್ದಾನೆ. 2 ಮತ್ತು 4 ಅವನಿಗೆ ಬಿಟ್ಟುಕೊಡಿ. ನೀವು ಬಡಿತವನ್ನು ಪಲ್ಲವಿಗೆ, ಸೋಲೋಗೆ ಅಂತ ಇಟ್ಟುಕೊಳ್ಳಿ, ಆಗ ಅದು ಬಂದಾಗ ಡ್ರಮ್ಸ್ ಸೇರಿಕೊಂಡ ಹಾಗೆ ಅನ್ನಿಸುತ್ತದೆ.

ಬೇಸ್‌ಬುರುಡೆ (ಮೈಸೂರು):

ಇಷ್ಟು ಉತ್ತರ ಬರುತ್ತವೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಪ್ರಾಕ್ಟೀಸ್‌ನಲ್ಲಿ ಗಿಟಾರಿಗೆ ಕಾಗದ ಸಿಕ್ಕಿಸಿ ನೋಡಿದೆವು. ದಪ್ಪ ಕಾಗದ ಸ್ವರವನ್ನೇ ನುಂಗಿತು, ಹಳೇ ಬಸ್ ಟಿಕೆಟ್ ಥರದ ತೆಳು ಕಾಗದ ಬ್ರಿಜ್ ಹತ್ತಿರ ಸಿಕ್ಕಿಸಿದಾಗ ಸರಿಹೋಯಿತು. ಕೆಹರ್ವಾ 3 ಮತ್ತು 8ರ ಬಡಿತವಂತೂ ಹಾಡುವವರಿಗೆ ತುಂಬಾ ಹಿಡಿಸಿತು, ಆದರೆ 7ರ ಎಳೆತದಿಂದ 8ರ ಬಡಿತಕ್ಕೆ ಹೋಗೋದರಲ್ಲಿ ಕೈ ತಡವಾಗುತ್ತಿದೆ. ಇನ್ನೊಂದು ಪ್ರಶ್ನೆ. ಆಂಪ್ ಹಾಕಿದರೆ ಸ್ವರ ಮಾತ್ರ ಕೇಳಿಸುತ್ತದೆ, ಚಟ್ ಅನ್ನೋದು ನನಗೆ ಮಾತ್ರ ಕೇಳಿಸುತ್ತದೆ. ವಾಲ್ಯೂಮ್ ಏರಿಸಿದರೆ ಗೂಂ ಅಂತ ಫೀಡ್‌ಬ್ಯಾಕ್.

ಫೇಡರ್_ಸರಸ್ವತಿಪುರಂ:

ಬ್ರಿಜ್ ಪಿಕಪ್‌ಗೆ ಬ್ರಿಜ್‌ನಲ್ಲಿ ಆಗೋದು ಚೆನ್ನಾಗಿ ಗೊತ್ತಾಗುತ್ತದೆ, ನಿಮ್ಮ ಬಡಿತ ಬೀಳುತ್ತಿರೋದು ಫಿಂಗರ್‌ಬೋರ್ಡಿನ ಮೇಲೆ. ಅದಕ್ಕೇ ಸ್ಲ್ಯಾಪ್ ನುಡಿಸುವವರು ಎರಡು ಪಿಕಪ್ ಇಟ್ಟುಕೊಳ್ಳುತ್ತಾರೆ, ಒಂದು ಬ್ರಿಜ್‌ಗೆ, ಇನ್ನೊಂದು ಫಿಂಗರ್‌ಬೋರ್ಡಿಗೆ. ಎರಡನ್ನೂ ಬೇರೆ ಬೇರೆ ಚಾನೆಲ್‌ಗೆ ಹಾಕಿ. ಎರಡನೇ ಚಾನೆಲ್‌ನಲ್ಲಿ ತಗ್ಗು ಸ್ಥಾಯಿಯ ದಪ್ಪ ಸದ್ದನ್ನೆಲ್ಲಾ ಕತ್ತರಿಸಿ, 2ರಿಂದ 4 ಕಿಲೋಹರ್ಟ್ಸ್ ಸುತ್ತ ಸ್ವಲ್ಪ ಎತ್ತಿ. ಚಟ್ ಅಲ್ಲಿ ಸಿಗುತ್ತದೆ. ಹಾಡುವಾಗ ಫೇಡರ್ (ಸದ್ದು ಏರಿಸಿ ಇಳಿಸುವ ಗುಂಡಿ) ಮುಟ್ಟಿಕೊಂಡು ಕೂರಬೇಡಿ, ಭಾವಗೀತೆಗೆ ಒಂದು ಗುರುತು, ರಾಕಬಿಲಿಗೆ ಒಂದು ಗುರುತು, ಟೇಪ್ ಅಂಟಿಸಿ ಬರೆದಿಡಿ.

ಗೂಂ ಅನ್ನೋದಕ್ಕೆ ಮೊದಲು ಆಂಪ್ ಮುಖವನ್ನು ಬೇಸ್‌ನಿಂದ ತಿರುಗಿಸಿ ಇಡಿ, ಕೆಫೆಯ ಮೂಲೆ ಗೋಡೆಗೆ ಒತ್ತಿ ಇಡಬೇಡಿ. ಖಾಲಿ ಇ ತಂತಿ ಸುಮಾರು 41 ಹರ್ಟ್ಸ್. ಅದಕ್ಕಿಂತ ಕೆಳಗೆ ನಿಮಗೆ ಬೇಕಾದ್ದು ಏನೂ ಇಲ್ಲ, ಹೈ ಪಾಸ್ ಫಿಲ್ಟರ್ ಇದ್ದರೆ ಅಲ್ಲಿಂದ ಕೆಳಗೆ ಕತ್ತರಿಸಿ. ಪ್ರಿಆಂಪ್‌ನಲ್ಲಿ ಫೇಸ್ ಬಟನ್ (ಸದ್ದಿನ ಅಲೆಯನ್ನು ತಲೆಕೆಳಗು ಮಾಡೋದು) ಇದ್ದರೆ ಒತ್ತಿ ನೋಡಿ, ಎಷ್ಟೋ ಸಲ ಅದೊಂದರಲ್ಲೇ ಹೋಗುತ್ತದೆ. ಬೇಸ್ ಮೈಮೇಲಿನ ಎಫ್ ಆಕಾರದ ಹೋಲ್‌ಗಳಿಗೆ ಸ್ಪಂಜ್ ತುರುಕಿದರೂ ಕಡಿಮೆಯಾಗುತ್ತದೆ, ಆದರೆ ಆಗ ಮರ ತಟ್ಟಿದ ಸದ್ದು ಸಪ್ಪೆ.

ಅಗ್ರಹಾರ_ರಾಕರ್:

7ರಿಂದ 8ಕ್ಕೆ ತಡವಾಗೋದು ನೀವು ಎಳೆದ ಮೇಲೆ ಕೈಯನ್ನು ತುಂಬಾ ದೂರ ಒಯ್ಯುತ್ತಿರೋದಕ್ಕೆ. ಎಳೆದು ಬಿಟ್ಟ ಮೇಲೆ ಕೈ ತಂತಿಯಿಂದ ನಾಲ್ಕು ಬೆರಳಿನಷ್ಟು ದೂರ ಹೋದರೆ ಸಾಕು. ಮಣಿಕಟ್ಟು ಸಡಿಲ ಬಿಡಿ, ಮೊಳಕೈಯಿಂದ ಬೀಳಿಸಿ. ಮೆಟ್ರೋನೋಮನ್ನು ನಿಮಗೆ ನಗು ಬರುವಷ್ಟು ನಿಧಾನಕ್ಕೆ ಇಟ್ಟು ಶುರು ಮಾಡಿ. ಬೆರಳಿಗೆ ಮೆಡಿಕಲ್ ಶಾಪಿನ ಬಟ್ಟೆ ಟೇಪ್ ಸುತ್ತಿಕೊಳ್ಳಿ, ಗುಳ್ಳೆ ಎದ್ದ ಮೇಲಲ್ಲ, ಏಳುವ ಮುಂಚೆ.

ಕಬ್ಬಿನಜಲ್ಲೆ:

ಯಾವ ಕೆಫೆ, ಯಾವತ್ತು ಅಂತ ಹಾಕಿ. ಬಂದು ಕೇಳುತ್ತೇವೆ. ಗೆಜ್ಜೆ ನಾನೇ ತರುತ್ತೇನೆ.