ಅಪ್‌ಡೇಟ್: ಹಗುರ ಲ್ಯಾಪ್‌ಟಾಪ್ ಕೊನೆಗೂ ತಗೊಂಡೆ

ಓದಿಗೆ ಹಗುರವಾದ, ಆದರೆ ಪೈಥಾನ್, ಮ್ಯಾಟ್‌ಲ್ಯಾಬ್ ಥರದ ಪ್ರೋಗ್ರಾಮಿಂಗ್, ಲೆಕ್ಕಾಚಾರದ ಸಾಫ್ಟ್‌ವೇರ್‌ಗಳನ್ನು ಸಲೀಸಾಗಿ ಓಡಿಸುವ ಲ್ಯಾಪ್‌ಟಾಪ್ ಯಾವುದು ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್. 1.3 ಕೆಜಿಯ, 14 ಇಂಚಿನದೊಂದು ತೆಗೆದುಕೊಂಡು ಎರಡು ತಿಂಗಳಾಯಿತು.

8 ಜಿಬಿ ರ‍್ಯಾಮ್ (ಕೆಲಸದ ಹೊತ್ತಿನಲ್ಲಿ ಬಳಕೆಯಾಗುವ ಮೆಮೊರಿ) ಸಾಕು, ಬೇಕಾದರೆ ಆಮೇಲೆ ಹಾಕಿಸಿದರಾಯಿತು ಅಂದುಕೊಂಡಿದ್ದೆ. ತೆಳು ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಿನವುಗಳ ರ‍್ಯಾಮ್ ಮದರ್‌ಬೋರ್ಡ್‌ಗೇ (ಒಳಗಿನ ಮುಖ್ಯ ಸರ್ಕ್ಯೂಟ್ ಬೋರ್ಡ್‌ಗೆ) ಬೆಸೆದಿರುತ್ತದೆ, ಆಮೇಲೆ ಹೆಚ್ಚಿಸಲು ಆಗುವುದಿಲ್ಲ ಅಂತ ನೀವು ಎಚ್ಚರಿಸಿದ್ದು ಒಳ್ಳೆಯದಾಯಿತು. 16 ಜಿಬಿಯದ್ದೇ ತಗೊಂಡೆ. ಬ್ರೌಸರ್‌ನಲ್ಲಿ ಇಪ್ಪತ್ತು ಟ್ಯಾಬ್, ಪಕ್ಕದಲ್ಲಿ ಮ್ಯಾಟ್‌ಲ್ಯಾಬ್ ತೆರೆದಿಟ್ಟರೂ ತಡವರಿಸುವುದಿಲ್ಲ. (ಇಪ್ಪತ್ತು ಟ್ಯಾಬ್ ಯಾಕೆ ಅಂತ ಮಾತ್ರ ಕೇಳಬೇಡಿ.)

ಒಂದು ಬೇಸರ ಇದೆ. ಅರ್ಧ ಗಂಟೆ ಸಿಮ್ಯುಲೇಶನ್ ಓಡಿಸಿದರೆ ಬಿಸಿಯಾಗುತ್ತದೆ, ಪ್ರೊಸೆಸರ್ ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ಇಷ್ಟು ತೆಳುವಾಗಿದ್ದರೆ ಬಿಸಿ ಹೊರಹೋಗಲು ಜಾಗ ಎಲ್ಲಿ, ಅಲ್ವಾ? ಅಂಥ ಭಾರಿ ಕೆಲಸಗಳನ್ನು ಈಗ ಕಾಲೇಜಿನ ಲ್ಯಾಬ್ ಕಂಪ್ಯೂಟರ್‌ಗೆ ಬಿಟ್ಟಿದ್ದೇನೆ.

ಯಾರೂ ಹೇಳದೆ ಹೋದದ್ದು ಚಾರ್ಜರ್ ತೂಕ! ಜೊತೆಗೆ ಬಂದದ್ದು ಇಟ್ಟಿಗೆಯಂತಿತ್ತು. ಯುಎಸ್‌ಬಿ-ಸಿ ಪೋರ್ಟ್‌ನಲ್ಲೂ ಚಾರ್ಜ್ ಆಗುವುದರಿಂದ 65 ವ್ಯಾಟ್‌ನ ಪುಟ್ಟ ಚಾರ್ಜರ್ ಬ್ಯಾಗು ಸೇರಿತು. ಫೋನಿಗೂ ಈಗ ಅದೇ.