ಶೇಟ್ರ ಗುಂಡಿ, ಮಾಸ್ತರರ ಬಾವಿ

ಊರಿನ ಹೆಸರು ಹೇಳುವುದಿಲ್ಲ. ಕಾಳಿ ನದಿಗೂ ಶರಾವತಿಗೂ ನಡುವೆ, ಸಮುದ್ರಕ್ಕೆ ಮುಖ ಮಾಡಿ ಕೂತ ಒಂದು ಊರು ಅಂದುಕೊಳ್ಳಿ. ಹೆಸರು ಹೇಳಿದರೆ ನಾಳೆಯಿಂದ ನಮ್ಮ ಓಣಿಗೆ ನಳದ ನೀರು ಬರುವುದಿಲ್ಲ.

ಮೊನ್ನೆ ಪುರಸಭೆಯ ಸಭೆಯಲ್ಲಿ ಒಳಚರಂಡಿ ವಿಸ್ತರಣೆಯ ಚರ್ಚೆ ಇತ್ತು. ಯುಜಿಡಿ ಅಂದರೆ ನಮ್ಮಲ್ಲಿ ಮಕ್ಕಳಿಗೂ ಗೊತ್ತು, ಅಗೆದು ಹಾಗೇ ಬಿಟ್ಟ ರಸ್ತೆ. ನಾವು ಐದು ಜನ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆವು. ಹೊರಗೆ ಮಳೆ, ಮಾಡಲು ಬೇರೆ ಕೆಲಸ ಇರಲಿಲ್ಲ. ಮುಗಿದ ಮೇಲೆ ಎಂದಿನ ಹೋಟೆಲ್ಲಿಗೆ ಬಂದು ಬನ್ಸ್, ಚಾ ಹೇಳಿದೆವು. ನಿಜವಾದ ಸಭೆ ಶುರುವಾದದ್ದು ಅಲ್ಲಿ.

"ನಂಗೆ ಒಂದಕ್ಷರ ತಿಳಿಲಿಲ್ಲ ಮಾರಾಯ್ರೆ," ಅಂದರು ತಾಂಡೇಲರು. ನಲವತ್ತು ವರ್ಷ ಬೋಟಿನಲ್ಲಿ ಗಾಳಿಯ ಮೇಲೆ ಕೂಗಿದವರು. ಈಗ ಗುಟ್ಟು ಹೇಳಿದರೂ ನಾಲ್ಕು ಮನೆಗೆ ಕೇಳುತ್ತದೆ. "ಗುಡ್ಡದ ವಾರ್ಡಿನವ ತನಗೇ ಮೊದಲು ಬೇಕು ಅಂದ. ತಗ್ಗಿನ ವಾರ್ಡಿನವ ತನಗೆ ಬೇಡವೇ ಬೇಡ ಅಂದ. ಪೈಪು ಒಂದೇ ಅಲ್ವಾ?"

"ಒಂದೇ ಆದದ್ದೇ ತೊಂದರೆ," ಅಂದರು ಓವರ್ಸಿಯರ್ ಮಾಮ. ಪೈಪು ಹಾಕಿಸುವುದರಲ್ಲೇ ನೌಕರಿ ಮುಗಿಸಿ ನಿವೃತ್ತರಾದವರು. "ಗುಡ್ಡದವನದ್ದು ತಗ್ಗಿನವನ ಮನೆ ಮುಂದೆ ಹಾದು ಬರ್ಬೇಕಲ್ಲ. ನೋಡಿ, ತೋರಿಸ್ತೇನೆ."

ಆ ಹೋಟೆಲ್ಲಿನ ಮೇಜಿಗೆ ಒಂದು ಕಾಲು ಗಿಡ್ಡ. ಕೆಳಗೆ ಬೀಡಿ ಕಟ್ಟಿನ ರಟ್ಟು ಮಡಚಿ ಇಟ್ಟಿದ್ದರು. ಮಾಮ ಬಗ್ಗಿ ರಟ್ಟನ್ನು ಎಳೆದರು. ಬಸಿಯಿಂದ ಚೆಲ್ಲಿದ್ದ ಚಾ ಒಂದು ಗಳಿಗೆ ಯೋಚನೆ ಮಾಡಿತು. ಆಮೇಲೆ ಸಕ್ಕರೆ ಹರಳುಗಳನ್ನು ನೂಕಿಕೊಂಡು, ಬನ್ಸಿನ ತಟ್ಟೆಯನ್ನು ಸುತ್ತಿ ಬಳಸಿ, ಸೀದಾ ಶೇಟ್ರ ಬಿಳಿ ಪಂಚೆಗೆ ಇಳಿಯಿತು.

"ಇದೇ ಇಳಿಜಾರು," ಅಂದರು ಮಾಮ, ತಣ್ಣಗೆ. "200 ಮಿಲಿಮೀಟರ್ ಪೈಪಿಗೆ ಸುಮಾರು 250 ಅಡಿಗೆ ಒಂದು ಅಡಿ ಬೇಕು. ಒಂದು ಕಿಲೋಮೀಟರಿಗೆ ನಾಲ್ಕು ಮೀಟರ್ ಕೆಳಗೆ ಹೋಯ್ತು. ಮೂರು ಕಿಲೋಮೀಟರಿಗೆ ನಲವತ್ತು ಅಡಿ. ನಮ್ಮ ಪೇಟೆಯಲ್ಲಿ ಹತ್ತು ಅಡಿ ಅಗೆದರೆ ಏನು ಸಿಗ್ತದೆ?"

"ನೀರು," ಅಂದರು ಮಾಸ್ತರು.

"ಏಡಿ," ಅಂದರು ತಾಂಡೇಲರು.

"ಅದಕ್ಕೇ ಅಲ್ಲಲ್ಲಿ ವೆಟ್ ವೆಲ್ ಅಂತ ಕಟ್ಟೋದು. ಬಾವಿಯೇ. ಎಲ್ಲರದ್ದೂ ಬಂದು ಅದರಲ್ಲಿ ಬೀಳ್ತದೆ, ಪಂಪು ಎತ್ತಿ ಮುಂದೆ ದೂಡ್ತದೆ."

"ಕರೆಂಟು ಹೋದರೆ?"

"ಜನರೇಟರ್ ಇರ್ತದೆ."

"ಡೀಸೆಲ್ ಇರ್ತದಾ?"

ಮಾಮ ಬನ್ಸ್ ಮುರಿದು ಬಾಯಿಗೆ ಹಾಕಿಕೊಂಡರು. ಮೂವತ್ತು ವರ್ಷ ಸರ್ಕಾರಿ ಕೆಲಸ ಮಾಡಿದವರಿಗೆ ಯಾವಾಗ ತಿನ್ನಬೇಕು ಅಂತ ಗೊತ್ತಿರುತ್ತದೆ.

ಸಭೆಯಲ್ಲಿ ಎರಡು ತಾಸು ನಡೆದ ಜಗಳವೂ ಈ ಪಂಪ್ ಹೌಸಿನದ್ದೇ. ಯೋಜನೆ ಎಲ್ಲರಿಗೂ ಬೇಕು, ಪಂಪ್ ಹೌಸ್ ಮಾತ್ರ ಪಕ್ಕದ ವಾರ್ಡಿನಲ್ಲಿ ಇರಬೇಕು. ಒಬ್ಬ ಸದಸ್ಯರು ಸ್ಮಶಾನದ ಹತ್ತಿರ ಕಟ್ಟಿ, ಅಲ್ಲಿ ಯಾರೂ ಮೂಗು ಮುಚ್ಚುವುದಿಲ್ಲ ಅಂದರು. ಹೊತ್ತುಕೊಂಡು ಬರುವವರ ಎರಡೂ ಕೈ ಖಾಲಿ ಇರುವುದಿಲ್ಲ, ಅವರು ಮೂಗು ಮುಚ್ಚುವುದು ಹೇಗೆ ಅಂತ ಇನ್ನೊಬ್ಬರು ಕೇಳಿದರು. ಈ ಮಾತನ್ನು ನಡಾವಳಿಯಲ್ಲಿ ಬರೆದುಕೊಂಡದ್ದನ್ನು ನಾನೇ ನೋಡಿದ್ದೇನೆ.

"ಅಳಿವೆಗೆ ಬಿಡ್ತಾರಂತೆ, ಹೌದಾ?" ತಾಂಡೇಲರ ಚಿಂತೆ ಬೇರೆ. "ಶುದ್ಧ ಮಾಡಿ ಬಿಡ್ತೇವೆ ಅಂತಾರೆ. ಆದರೆ ಮಷಿನ್ ಕೆಟ್ಟ ದಿನ? ಬಳಚು ಅಂದರೆ ಚಿಪ್ಪಿನೊಳಗೆ ಕೂತು ನೀರನ್ನೇ ಸೋಸಿ ಸೋಸಿ ಬದುಕುವ ಜೀವ. ನೀರಲ್ಲಿ ಇದ್ದದ್ದೆಲ್ಲ ಅದರ ಹೊಟ್ಟೆಗೆ, ಅದರಿಂದ ನಮ್ಮ ಹೊಟ್ಟೆಗೆ. ಈಗಲೇ ಭರತಿ ಬಂದಾಗ ಗಟಾರದ ನೀರು ಹಿಂದೆ ಓಡ್ತದೆ, ಗೊತ್ತುಂಟಾ? ಸಮುದ್ರವೂ ಬೇಡ ಅಂತ ವಾಪಸ್ ಕಳಿಸ್ತದೆ."

ಮಾಮ ಇನ್ನೊಂದು ಮಾತು ಹೇಳಿದರು. ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಮನುಷ್ಯನ ಸೊಂಟಕ್ಕೆ ಸುಮ್ನೆ ಹಗ್ಗ ಕಟ್ಟಿ ಮ್ಯಾನ್‌ಹೋಲಿಗೆ ಇಳಿಸುವ ಹಾಗಿಲ್ಲ. ಪೈಪು ಕಟ್ಟಿಕೊಂಡರೆ ಮಷಿನ್ ಯಾರು ತರುತ್ತಾರೆ, ಯಾರು ನಡೆಸುತ್ತಾರೆ ಅಂತ ಅಷ್ಟು ಹೊತ್ತಿನಲ್ಲಿ ಒಬ್ಬರೂ ಕೇಳಲಿಲ್ಲ. ನಾವೂ ಹಿಂದಿನ ಬೆಂಚಿನಲ್ಲಿ ಕೂತು ಕೇಳಿರಲಿಲ್ಲ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಶೇಟ್ರು ಪಂಚೆ ಹಿಂಡುತ್ತಲೇ ಇದ್ದರು. "ನಂಗಂತೂ ಈ ಯುಜಿಡಿ ಬೇಡ. ಕನೆಕ್ಷನ್ನಿಗೆ ದುಡ್ಡು, ತಿಂಗಳು ತಿಂಗಳು ದುಡ್ಡು. ನನ್ನ ಗುಂಡಿ ಎಂಥ ಗುಂಡಿ! ಚಿರೇಕಲ್ಲಿನದ್ದು. ಹನ್ನೆರಡು ವರ್ಷ ಆಯ್ತು, ಒಮ್ಮೆಯೂ ತುಂಬಿಲ್ಲ."

ಮಾಮ ಕಣ್ಣು ಮುಚ್ಚಿದರು. "ಶೇಟ್ರೆ, ಸರಿಯಾದ ಸೆಪ್ಟಿಕ್ ಟ್ಯಾಂಕನ್ನು ಎರಡು ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸ್ಬೇಕು. ತುಂಬಲೇ ಇಲ್ಲ ಅಂದರೆ ಅದು ಗುಂಡಿ ಅಲ್ಲ, ಜರಡಿ."

ಮಾಸ್ತರರು ಜೇಬಿನಿಂದ ಪೆನ್ನು ತೆಗೆದರು. ಲೆಕ್ಕದ ಮಾಸ್ತರು. ಹೋಟೆಲ್ ಬಿಲ್ಲಿನ ಹಿಂದೆ ಬರೆದರು. "ಸರ್ಕಾರಿ ಲೆಕ್ಕ, ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು. ಅದರಲ್ಲಿ ನೂರಕ್ಕೆ ಎಂಬತ್ತು ಪಾಲು ಹೊಲಸಾಗಿ ಹೊರಗೆ. ನಿಮ್ಮ ಮನೆಯಲ್ಲಿ ಆರು ಜನ. ದಿನಕ್ಕೆ 648 ಲೀಟರ್. ಎಲ್ಲಿ ಹೋಗ್ತದೆ ಶೇಟ್ರೆ?"

"ಗುಂಡಿಗೆ."

"ಗುಂಡಿಯಿಂದ?"

"ಮಣ್ಣಿಗೆ."

"ಮಣ್ಣಿನಿಂದ?"

ಶೇಟ್ರು ಚಾ ಕುಡಿದರು. ಲೋಟ ಖಾಲಿಯಾಗಿ ಬಹಳ ಹೊತ್ತಾಗಿತ್ತು.

"ಬಾವಿಗೂ ಗುಂಡಿಗೂ ನಡುವೆ ಕಡಿಮೆ ಅಂದರೂ 50 ಅಡಿ ಇರ್ಬೇಕು. ನಾನು ಟೇಪು ಹಿಡಿದು ಅಳೆದಿದ್ದೇನೆ. ನಿಮ್ಮ ಗುಂಡಿಯಿಂದ ನನ್ನ ಬಾವಿಗೆ ಇಪ್ಪತ್ತೆರಡು! ಹನ್ನೆರಡು ವರ್ಷದಿಂದ ನಾನು ಬ್ಲೀಚಿಂಗ್ ಪೌಡರ್ ಹಾಕ್ತಾ ಇದ್ದೇನೆ, ನಿಮ್ಮ ಗುಂಡಿ ತುಂಬಿಲ್ಲ ಅಂತ ನೀವು ಊರಿಡೀ ಹೇಳ್ತಾ ಇದ್ದೀರಿ."

"ನಿಮ್ಮ ಗುಂಡಿಯಿಂದ ಇವರ ಬಾವಿಗೆ ಎಷ್ಟು?" ಶೇಟ್ರು ನನ್ನ ಕಡೆ ಕೈ ತೋರಿಸಿದರು.

ಮಾಸ್ತರರು ಪೆನ್ನಿನ ಮುಚ್ಚಳ ಹುಡುಕತೊಡಗಿದರು. ನನಗೆ ಗೊತ್ತು, ಹತ್ತೊಂಬತ್ತು. ನನ್ನ ಹತ್ತಿರವೂ ಟೇಪು ಇದೆ. ನನ್ನ ಗುಂಡಿಯಿಂದ ಕೆಳಗಿನ ಮನೆಯ ಬಾವಿಗೆ ಎಷ್ಟು ಅಂತ ಪುಣ್ಯಕ್ಕೆ ಯಾರೂ ಕೇಳಲಿಲ್ಲ.

"ಇದಕ್ಕಿಂತ ದೊಡ್ಡದು ಮಳೆಗಾಲದ ಕಳ್ಳತನ," ಅಂದರು ಮಾಮ. "ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರು. ನೆಲದ ನೀರು ಮೇಲೆ ಬಂದು ಗುಂಡಿ ಉಕ್ಕುತ್ತದೆ. ಜೋರು ಮಳೆಯ ರಾತ್ರಿ ನೋಡಿ ಜನ ಮೆಲ್ಲಗೆ ಮುಚ್ಚಳ ಸರಿಸಿ, ಬಕೆಟಿನಲ್ಲಿ ಎತ್ತಿ ಗಟಾರಕ್ಕೆ ಸುರೀತಾರೆ. ಯುಜಿಡಿ ಬಂದರೂ ಬುದ್ಧಿ ಹೋಗೋದಿಲ್ಲ, ಸೂರಿನ ನೀರನ್ನೂ ಅದೇ ಚೇಂಬರಿಗೆ ಬಿಡ್ತಾರೆ. ಆಮೇಲೆ ಮ್ಯಾನ್‌ಹೋಲ್ ಉಕ್ಕಿತು ಅಂತ ಮೋರ್ಚಾ ತರ್ತಾರೆ."

"ಛೆ ಛೆ, ನಮ್ಮ ಓಣಿಯಲ್ಲಿ ಅಂಥವರು ಯಾರೂ ಇಲ್ಲ," ಅಂದರು ಶೇಟ್ರು.

ಅಷ್ಟರಲ್ಲಿ ಮಳೆ ಹಿಡಿಯಿತು. ತಗಡಿನ ಮೇಲೆ ಕಲ್ಲು ಸುರಿದ ಹಾಗೆ. ಕರೆಂಟು ಹೋಯಿತು. ಹೋಟೆಲ್ಲಿನ ಹುಡುಗ ಮೇಣದ ಬತ್ತಿ ತಂದು, ಗಿಡ್ಡ ಕಾಲಿನ ಕೆಳಗೆ ರಟ್ಟನ್ನು ಮತ್ತೆ ತುರುಕಿದ. ಮೇಜು ನೆಟ್ಟಗೆ ನಿಲ್ಲುವ ಹೊತ್ತಿಗೆ ಶೇಟ್ರು ಎದ್ದು ಕೊಡೆ ಬಿಡಿಸುತ್ತಿದ್ದರು.

"ಎಲ್ಲಿಗೆ ಶೇಟ್ರೆ, ಈ ಮಳೆಯಲ್ಲಿ?"

"ಸುಮ್ನೆ... ಮನೇಲಿ ಸ್ವಲ್ಪ ಕೆಲಸ ಉಂಟು."

ಮಾಸ್ತರರು ಎದ್ದು ಚಪ್ಪಲಿ ಹುಡುಕಿದರು. "ನಿಲ್ಲಿ, ನಾನೂ ಬರ್ತೇನೆ. ನನ್ನ ಹತ್ರ ಟಾರ್ಚ್ ಇದೆ."